ಗ್ವಾದಲಿ ಪಕ್ಕದ ಕಂಪ್ರೆಸರ್

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗಂಡಸರಿಗೆ ಐವತ್ತು ದಾಟಿತೆಂದರೆ ಎರಡರಲ್ಲೊಂದು ಹುಚ್ಚು ಹತ್ತುತ್ತದೆ. ಕೆಲವರು ಸಂಜೆಯಾದರೆ ಮಠದ ಪುರಾಣಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಾರೆ. ಉಳಿದವರು ಮನೆಯಲ್ಲೇ ಗ್ಯಾರೇಜು ಮಾಡುತ್ತಾರೆ. ಪುರಾಣಕ್ಕೆ ಹೋದವರಿಂದ ಮನೆಗೆ ಒಂದಿಷ್ಟು ಪುಣ್ಯವಾದರೂ ಬಂದೀತು. ಗ್ಯಾರೇಜಿನವರಿಂದ ಬರುವುದು ಬಿಲ್ಲು ಮಾತ್ರ.

ಗ್ಯಾರೇಜು ಅಂದ ತಕ್ಷಣ ಶಟರು ಏರಿಸಿ ಕಾರು ಒಳಗೆ ಬಿಡುವ ಕೋಣೆ ಅಂತ ತಿಳಿಯಬೇಡಿ. ನಮ್ಮ ಹಳೇ ಮನೆಗಳಲ್ಲಿ ತಲಬಾಗಿಲು ದಾಟಿದ ಕೂಡಲೇ ಸಿಗುವುದು ದನ ಕಟ್ಟುವ ಜಾಗ. ಅಲ್ಲಿಂದ ಮೆಟ್ಟಿಲೇರಿದರೆ ಪಡಸಾಲೆ. ಎತ್ತು ಕಣ್ಣೆದುರೇ ಇರಬೇಕು, ಅವುಗಳ ಕೊರಳ ಗಂಟೆ ಕೇಳುತ್ತಲೇ ಮನೆಯ ಯಜಮಾನನಿಗೆ ನಿದ್ದೆ ಬರಬೇಕು ಎಂದು ಹಾಗೆ ಕಟ್ಟಿದ್ದು. ಈಗ ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ತಲಬಾಗಿಲಲ್ಲಿ ಹಿಡಿಯುವುದಿಲ್ಲ, ಓಣಿಯಲ್ಲೇ ನಿಲ್ಲುತ್ತದೆ. ಎತ್ತಿಗೆ ಮೇವು ಹಾಕುತ್ತಿದ್ದ, ಈಗ ಖಾಲಿ ಬಿದ್ದ ಗ್ವಾದಲಿಯಲ್ಲಿ ಮೊದಲು ಒಂದು ಪಾನಾ ಪೆಟ್ಟಿಗೆ ಬಂದು ಕೂರುತ್ತದೆ. ಆಮೇಲೆ ಗ್ವಾದಲಿಯ ಕಲ್ಲಿಗೇ ಬೋಲ್ಟು ಹೊಡೆದು ವೈಸು. ಆಮೇಲೆ ಗ್ರೈಂಡರು, ವೆಲ್ಡಿಂಗ್ ಸೆಟ್ಟು. ವೆಲ್ಡಿಂಗ್ ಸೆಟ್ಟು ಒಳಗೆ ಬಂತೆಂದರೆ ಕಂಪ್ರೆಸರ್ ತಲಬಾಗಿಲಲ್ಲಿ ಚಪ್ಪಲಿ ಬಿಡುತ್ತಿದೆ ಅಂತಲೇ ಅರ್ಥ.

ತರುವುದಕ್ಕೆ ಕಾರಣಗಳಿಗೇನೂ ಬರವಿಲ್ಲ. ಬದುವಿನಲ್ಲಿ ಜಾಲಿ, ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ. ಬೈಕು ಹೊಲಕ್ಕೆ ಹೋಗಿ ಬಂತೆಂದರೆ ಟೈರಿನಲ್ಲಿ ಒಂದು ಮುಳ್ಳು ಕೂತೇ ಬರುತ್ತದೆ. ಇಂಡಿ ಕಡೆಯ ತೋಟದವರಿಗೆ ಇದರ ಮೇಲೆ ಲಿಂಬಿ ಗಿಡದ ಮುಳ್ಳು ಬೇರೆ. ಇಂಡಿ ಲಿಂಬಿಗೆ ಜಿಐ ಗುರುತು ಸಿಕ್ಕಾಗ ಪೇಪರಿನವರು ಹಣ್ಣಿನ ಬಗ್ಗೆಯೇ ಬರೆದರು. ಆ ಗಿಡದ ಮುಳ್ಳು ಎಷ್ಟು ಟ್ಯೂಬುಗಳಿಗೆ ಗುರುತು ಹಾಕಿದೆ ಎಂದು ಯಾರೂ ಬರೆಯಲಿಲ್ಲ. ಕಬ್ಬಿನ ಸುಗ್ಗಿಯಲ್ಲಿ ಟ್ರಾಲಿ ಗಾಲಿ, ರಾಶಿಯ ಕಾಲಕ್ಕೆ ರೇಡಿಯೇಟರಿನಲ್ಲಿ ತುಂಬಿಕೊಳ್ಳುವ ತೊಗರಿ ಹೊಟ್ಟು, ವರ್ಷವಿಡೀ ಏರ್ ಫಿಲ್ಟರಿನಲ್ಲಿ ಎರೆ ಮಣ್ಣಿನ ಧೂಳು. ಇಷ್ಟೆಲ್ಲ ಇದ್ದ ಮೇಲೆ ಹವಾ ಹಾಕುವ ಮೆಷಿನ್ ಮನೆಯಲ್ಲೇ ಇರಲಿ ಅನ್ನುವುದನ್ನು ದುಂದು ಅನ್ನಲಾಗದು. ಯಾವುದನ್ನು ತರುವುದು ಎಂಬಲ್ಲಿ ಮಾತ್ರ ನಮ್ಮವರ ಬುದ್ಧಿ ಹೊಲಕ್ಕೆ ಹೋಗಿರುತ್ತದೆ.

ಈ ಹುಚ್ಚಿಗೆ ನಮ್ಮ ಸೀಮೆಯಲ್ಲಿ ಒಳ್ಳೆ ಕುಲವೇ ಇದೆ ಅಂತ ಸಮಾಧಾನ ಹೇಳಬಹುದು. ಡನ್ಲಪ್ ಸಾಹೇಬ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಶುರು ಮಾಡಿದ್ದೂ ಅದೇ 1888ರಲ್ಲಿ. ಅಲ್ಲಿಂದ ಕಬ್ಬಿಣದ ನೇಗಿಲು, ಪಂಪು ಎಂದು ಬೆಳೆದ ಮನೆತನ 1958ರಲ್ಲಿ ಕಂಪ್ರೆಸರಿಗಾಗಿಯೇ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಕಟ್ಟಿತು. ಅದಾದ ಎರಡು ವರ್ಷಕ್ಕೆ ಕೊಯಮತ್ತೂರಿನಲ್ಲಿ ಎಲ್ಜಿ ಹುಟ್ಟಿತು. ಸೈಕಲ್ ಅಂಗಡಿಯಿಂದ ಕಂಪ್ರೆಸರ್ ಕಾರ್ಖಾನೆಗೆ ಅವರಿಗೆ ಎಪ್ಪತ್ತು ವರ್ಷ ಹಿಡಿಯಿತು. ನಮ್ಮ ಸಿಂದಗಿ ಮಾವನಿಗೆ ಪಾನಾ ಪೆಟ್ಟಿಗೆಯಿಂದ ಕಂಪ್ರೆಸರಿಗೆ ಬರಲು ಒಂದು ಸುಗ್ಗಿ ಸಾಕಾಯಿತು.

ಮಾವ ಫೋನ್ ಮಾಡಿದ್ದು ಸಲಹೆ ಕೇಳಲಿಕ್ಕೆ. ನಮ್ಮ ಕಡೆ ಸಲಹೆ ಕೇಳುವುದು ಅಂದರೆ ತಾನು ಗಟ್ಟಿ ಮಾಡಿದ್ದಕ್ಕೆ ಹೂಂ ಅನ್ನಿಸಿಕೊಳ್ಳುವುದು.

“ಅಳಿಯಾ, ಐದು ಎಚ್‌ಪಿದು ತಂದಬಿಡೂಣಂತ.”

“ಐದು ಎಚ್‌ಪಿ ಯಾಕ ಮಾವಾ, ಏನ್ ಕೆಲ್ಸ ಐತಿ?”

“ಕೆಲ್ಸ ಆಮ್ಯಾಲ ಹುಡುಕಿದ್ರಾತು. ಎದುರ ಮನಿಯಾಂವ ಮೂರು ಎಚ್‌ಪಿ ತಂದಾನ.”

ಇನ್ನು ಇದಕ್ಕೆ ಏನು ಹೇಳುತ್ತೀರಿ? ಸಿದ್ಧೇಶ್ವರ ಜಾತ್ರೆಗೆ ಹೋಗಿ ಎತ್ತು ಕೊಳ್ಳುವಾಗ ಇದೇ ಮಾವ ಕೋಡಿಗೆ ಹಚ್ಚಿದ ಬಣ್ಣ, ಗೊಂಡೆ, ಗೆಜ್ಜೆ ಯಾವುದನ್ನೂ ತಿರುಗಿ ನೋಡುತ್ತಿರಲಿಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದ, ಹೆಗಲು ಮುಟ್ಟುತ್ತಿದ್ದ, ನಾಲ್ಕು ಹೆಜ್ಜೆ ನಡೆಸಿ ಗೊರಸು ಊರುವುದನ್ನು ನೋಡುತ್ತಿದ್ದ. ದಲಾಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದರೂ ಮುಖದ ಮೇಲೆ ಒಂದು ಗೆರೆ ಅಲುಗುತ್ತಿರಲಿಲ್ಲ. ಅಂಥವನು ಕಂಪ್ರೆಸರ್ ಅಂಗಡಿಗೆ ಹೋದರೆ ಮೊದಲು ನೋಡುವುದು ಕೋಡು, ಅಂದರೆ ಎಚ್‌ಪಿ. ಎರಡನೆಯದು ಹೊಟ್ಟೆ, ಅಂದರೆ ಟ್ಯಾಂಕು. ಮೂರನೆಯದು ಬಣ್ಣ. ಹಲ್ಲು ಕೇಳುವುದೇ ಇಲ್ಲ.

ಹಲ್ಲು ಅಂದರೆ ಸಿಎಫ್‌ಎಂ. ಒಂದು ನಿಮಿಷಕ್ಕೆ ಮೆಷಿನ್ ಎಷ್ಟು ಘನ ಅಡಿ ಗಾಳಿ ಕೊಡುತ್ತದೆ ಎಂಬ ಲೆಕ್ಕ. ಒಂದು ಘನ ಅಡಿ ಎಂದರೆ 28 ಲೀಟರಿನ ಮೇಲೆ ಚೂರು. ಇಲ್ಲಿ ಒಂದು ಚಾಲಾಕಿ ಇದೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಬಹಳ ಸಲ ಪಿಸ್ಟನ್ ಎಳೆದುಕೊಳ್ಳುವ ಗಾಳಿಯ ಲೆಕ್ಕ, ಡಿಸ್‌ಪ್ಲೇಸ್‌ಮೆಂಟ್ ಅಂತ. ಕೈಗೆ ಬಂದು ಮುಟ್ಟುವುದು ಬೇರೆ ಲೆಕ್ಕ, ಅದಕ್ಕೆ ಫ್ರೀ ಏರ್ ಡೆಲಿವರಿ ಅಂತಾರೆ. ಸಣ್ಣ ಸಿಂಗಲ್ ಸ್ಟೇಜ್ ಮೆಷಿನ್‌ಗಳಲ್ಲಿ ಎಳೆದುಕೊಂಡದ್ದರ ಮೂರನೇ ಒಂದು ಭಾಗ ಕೈಗೆ ಹತ್ತದೇ ಹೋದರೂ ಆಶ್ಚರ್ಯ ಪಡಬೇಕಿಲ್ಲ. ಸರಕಾರಿ ಪರಿಹಾರದ ಹಣ ಊರು ಮುಟ್ಟುವಷ್ಟರಲ್ಲಿ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಒಂದು ಎಚ್‌ಪಿಗೆ ಕೈಗೆ ಹತ್ತುವ ಲೆಕ್ಕದಲ್ಲಿ ಮೂರು ಸಿಎಫ್‌ಎಂ ಕೊಟ್ಟರೆ ಆ ಸಣ್ಣ ಮೆಷಿನ್‌ಗೆ ಪ್ರಾಮಾಣಿಕ ಅನ್ನಬಹುದು.

ಟ್ಯಾಂಕು ದೊಡ್ಡದಿದ್ದರೆ ಗಾಳಿ ಜಾಸ್ತಿ ಅನ್ನುವ ನಂಬಿಕೆಯಂತೂ ಭೀಮಾ ದಂಡೆಯಿಂದ ಕೃಷ್ಣಾ ದಂಡೆಯವರೆಗೆ ಹಬ್ಬಿದೆ. ಟ್ಯಾಂಕು ಗಾಳಿ ಮಾಡುವುದಿಲ್ಲ, ಇಟ್ಟುಕೊಳ್ಳುತ್ತದೆ. 50 ಲೀಟರಿನ ಟ್ಯಾಂಕು ತಗೊಳ್ಳಿ. 8 ಬಾರ್ ಪ್ರೆಶರ್ ತುಂಬಿ ಮೋಟಾರು ನಿಂತಿದೆ, 6 ಬಾರಿಗೆ ಇಳಿದಾಗ ಮತ್ತೆ ಶುರುವಾಗುತ್ತದೆ. ಈ ನಡುವೆ ನಿಮ್ಮ ಕೈಗೆ ಸಿಗುವ ಗಾಳಿ ಎಷ್ಟು? 50ಕ್ಕೆ 2 ಗುಣಿಸಿದರೆ 100 ಲೀಟರು. ಬಣ್ಣ ಹೊಡೆಯುವ ಸಾಧಾರಣ ಗನ್ನು 6 ಸಿಎಫ್‌ಎಂ ಕುಡಿಯುತ್ತದೆ ಎಂದರೆ ನಿಮಿಷಕ್ಕೆ 170 ಲೀಟರು. ಅಲ್ಲಿಗೆ ಆ ಸಂಗ್ರಹ ಮುಕ್ಕಾಲು ನಿಮಿಷವೂ ಬಾಳುವುದಿಲ್ಲ. ಟ್ರ್ಯಾಕ್ಟರಿನ ಬಾನೆಟ್ಟಿನ ಅರ್ಧಕ್ಕೆ ಬಣ್ಣ ಬಂದಿರುತ್ತದೆ, ಮೆಷಿನ್ ಏದುಸಿರು ಬಿಡಲು ಶುರು ಮಾಡಿರುತ್ತದೆ. ಪ್ರೆಶರ್ ಇಳಿದು ಗನ್ನು ಹನಿ ಹನಿಯಾಗಿ ಉಗುಳುತ್ತದೆ. ಕಾರಹುಣ್ಣಿಮೆಗೆ ಮಿರುಗಬೇಕಾದ ಟ್ರ್ಯಾಕ್ಟರಿಗೆ ಅಮ್ಮ ಎದ್ದಿದೆಯೇನೋ ಅಂತ ಓಣಿಯ ಮುದುಕಿಯರು ಬೇವಿನ ಎಲೆ ತರುತ್ತಾರೆ.

ಹಾಗಾದರೆ ಅಂಗಡಿಯಲ್ಲಿ ಹಲ್ಲು ಎಣಿಸುವುದು ಹೇಗೆ? ಇದನ್ನು ಮಾವನಿಗೆ ಫೋನಿನಲ್ಲೇ ಹೇಳಿಕೊಟ್ಟೆ. ನಿಮಗೂ ಹೇಳುತ್ತೇನೆ, ಇಷ್ಟು ಗೊತ್ತಿದ್ದರೆ ಉಳಿದದ್ದನ್ನು ಮರೆತರೂ ನಡೆಯುತ್ತದೆ. ಟ್ಯಾಂಕಿನ ಕೆಳಗಿನ ನಳ ಬಿಚ್ಚಿ ಪೂರಾ ಖಾಲಿ ಮಾಡಿಸಿ. ನಳ ಮುಚ್ಚಿ ಚಾಲೂ ಮಾಡಿಸಿ, ಮೊಬೈಲಿನಲ್ಲಿ ಸಮಯ ಹಿಡಿಯಿರಿ. ಪ್ರೆಶರ್ ಮೀಟರಿನ ಮುಳ್ಳು ಸೊನ್ನೆಯಿಂದ 8 ಬಾರಿಗೆ ಬರಲು ಎಷ್ಟು ನಿಮಿಷ ಹಿಡಿಯಿತು ನೋಡಿ. 100 ಲೀಟರಿನ ಟ್ಯಾಂಕು 5 ನಿಮಿಷದಲ್ಲಿ ತುಂಬಿತೆನ್ನಿ. 100 ಗುಣಿಸು 8, ಅಂದರೆ 800 ಲೀಟರು. ಅದನ್ನು 5ರಿಂದ ಭಾಗಿಸಿದರೆ ನಿಮಿಷಕ್ಕೆ 160 ಲೀಟರು. 28ರಿಂದ ಭಾಗಿಸಿದರೆ ಐದೂಮುಕ್ಕಾಲು ಸಿಎಫ್‌ಎಂ ಒಳಗೆ. ಎರಡು ಎಚ್‌ಪಿ ಮೆಷಿನ್‌ಗೆ ಇದು ಮರ್ಯಾದೆಯ ಲೆಕ್ಕ. ಡಬ್ಬಿಯ ಮೇಲೆ ಒಂಬತ್ತು ಅಂತ ಬರೆದಿದ್ದರೆ ಅಂಗಡಿಯವನ ಮುಖ ನೋಡಿ ಒಂದು ಸಣ್ಣ ನಗೆ ನಗಿರಿ, ಬೆಲೆ ತಾನಾಗಿ ಇಳಿಯುತ್ತದೆ. ಇದರಲ್ಲೂ ಮೆಷಿನ್‌ನ ಪರವಾಗಿ ಚೂರು ಮೋಸವಿದೆ. ತುಂಬುವಾಗ ಗಾಳಿ ಬಿಸಿಯಾಗಿ ಉಬ್ಬಿರುತ್ತದೆ, ಆರಿದ ಮೇಲೆ ಮುಳ್ಳು ಸ್ವಲ್ಪ ಕೆಳಗೆ ಇಳಿಯುತ್ತದೆ. ಅದಕ್ಕೇ ತುಂಬಿದ ಮೇಲೆ ಒಂದು ಕಪ್ ಚಹಾ ಕುಡಿದು ಮತ್ತೆ ಮುಳ್ಳು ನೋಡುವುದು ಒಳ್ಳೆಯದು. ಚಹಾ ಹೇಗೂ ಅವನೇ ತರಿಸುತ್ತಾನೆ. ಆರಿದ ಮೇಲೂ ಮುಳ್ಳು ಜಾರುತ್ತಲೇ ಇದ್ದರೆ ಎಲ್ಲೋ ಲೀಕಿದೆ.

ಆ ಹೊತ್ತಿನಲ್ಲೇ ಕಿವಿಗೂ ಒಂದು ಕೆಲಸ ಕೊಡಿ. ಮೋಟಾರು ಬಂದಾದ ಕ್ಷಣಕ್ಕೆ ಪ್ರೆಶರ್ ಸ್ವಿಚ್ಚಿನ ಬುಡದಲ್ಲಿ ‘ಫುಸ್’ ಅಂತ ಒಂದು ಸದ್ದು ಬರಬೇಕು. ಪಿಸ್ಟನ್ ಮತ್ತು ಟ್ಯಾಂಕಿನ ನಡುವಿನ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಅದು ಹೊರಗೆ ಬಿಡುತ್ತದೆ. ಆ ಫುಸ್ ಬರದಿದ್ದರೆ ಮುಂದಿನ ಸಲ ಮೋಟಾರು ಎದೆಯ ಮೇಲೆ ಭಾರ ಹೊತ್ತೇ ಏಳಬೇಕು. ಏಳುವುದಿಲ್ಲ, ಗುಂಯ್ ಅನ್ನುತ್ತಾ ನಿಂತು ಬಿಸಿಯಾಗುತ್ತದೆ.

ನಮ್ಮ ಕಡೆ ಏಳದೇ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಹೆಸ್ಕಾಂನ ಕೃಪೆ. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವ್ಯಾಟಿನ ಸ್ಥಾವರ, ಅತ್ತ ಆಲಮಟ್ಟಿ ಆಣೆಕಟ್ಟಿನ ಕೆಳಗೆ 290 ಮೆಗಾವ್ಯಾಟಿನ ಜಲವಿದ್ಯುತ್. ರಾತ್ರಿ ದೀಪಗಳ ಜಗಮಗ ದೂರದಿಂದಲೇ ಕಾಣುತ್ತದೆ, ನೋಡಿ ಕಣ್ಣು ತಂಪು ಮಾಡಿಕೊಳ್ಳಬಹುದು. ಮನೆಯ ಸಾಕೆಟ್ಟಿಗೆ ಸಂಜೆ ಹೊತ್ತಿಗೆ ಮುಟ್ಟುವುದು ಕೆಲವು ಊರುಗಳಲ್ಲಿ 180 ವೋಲ್ಟು. 230 ಇರಬೇಕಾದಲ್ಲಿ 180 ಬಂದರೆ ಐದನೇ ಒಂದು ಪಾಲು ತಾನೇ ಕಡಿಮೆ ಎಂದು ತಿಳಿದವನು ಕೆಡುತ್ತಾನೆ. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಉಳಿಯುವುದು ನೂರಕ್ಕೆ ಅರವತ್ತೊಂದು. ಎರಡು ಎಚ್‌ಪಿ ಮೋಟಾರು ಓಡುವಾಗ ಹತ್ತು ಆಂಪಿಯರ್ ಆಸುಪಾಸು ಎಳೆಯುತ್ತದೆ, ಏಳುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಆ ಕ್ಷಣಕ್ಕೆ ಓಣಿಯ ಬಲ್ಬುಗಳೆಲ್ಲ ಒಮ್ಮೆ ಕಣ್ಣು ಮುಚ್ಚುತ್ತವೆ, ಧಾರಾವಾಹಿ ನೋಡುತ್ತಿದ್ದ ಹೆಣ್ಣುಮಕ್ಕಳು ನಿಮ್ಮ ಹೆಸರು ಹಿಡಿದೇ ಬೈಯುತ್ತಾರೆ. ಹಾಗಾಗಿ ಮನೆಯ ಸಿಂಗಲ್ ಫೇಸಿಗೆ ಎರಡು ಎಚ್‌ಪಿ ಕಡೆಯ ಮೆಟ್ಟಿಲು ಅಂತ ನನ್ನ ಮತ. ಅದಕ್ಕೂ ಬೋರ್ಡಿನಿಂದ ನೇರವಾಗಿ ಬೇರೆ ದಪ್ಪ ವೈರು, 16 ಆಂಪಿಯರಿನ ಸಾಕೆಟ್ಟು ಬೇಕು. ಲಗ್ನದ ಮಂಟಪದಿಂದ ಉಳಿದ ಸಣ್ಣ ಎಕ್ಸ್‌ಟೆನ್ಶನ್ ವೈರಿಗೆ ಸಿಕ್ಕಿಸಿದರೆ ಇದ್ದ ವೋಲ್ಟೂ ದಾರಿಯಲ್ಲೇ ಕರಗುತ್ತದೆ. ದೂರ ಮುಟ್ಟಬೇಕಾದರೆ ಹವಾ ಪೈಪು ಉದ್ದ ಮಾಡಿ, ವೈರು ಉದ್ದ ಮಾಡಬೇಡಿ.

ಇದನ್ನು ಕೇಳಿ ಮಾವ ಸುಮ್ಮನಾಗುವ ಕುಳವಲ್ಲ. “ಹೊಲದಾಗ ಬೋರಿನ ಕಂಪ್ರೆಸರ್ ಐತಲ್ಲೋ, ಐದು ಎಚ್‌ಪಿದು! ಅದನ್ನ ಮನಿಗೆ ತಂದ್ರ?” ಅಂದ.

ಯೋಚನೆ ಕೆಟ್ಟದ್ದೇನಲ್ಲ. ನಮ್ಮ ಕಡೆ ಸೊರಗುತ್ತಿರುವ ಬೋರಿಗೆ ಕಂಪ್ರೆಸರ್ ಹಚ್ಚುವವರು ಬೇಕಾದಷ್ಟು. ಸಬ್‌ಮರ್ಸಿಬಲ್ ಬಿಟ್ಟರೆ ನೀರು ಮುಗಿದಾಗ ಅದು ಒಣಗಿ ಸುಡುತ್ತದೆ. ಕಂಪ್ರೆಸರಿನಲ್ಲಿ ಯಂತ್ರವೆಲ್ಲ ಮೇಲೆ, ಒಳಗೆ ಇಳಿಯುವುದು ಪೈಪುಗಳು ಮಾತ್ರ. ಗಾಳಿ ಕೆಳಗೆ ಹೋಗಿ ನೀರಿನಲ್ಲಿ ಬೆರೆಯುತ್ತದೆ, ಹಗುರಾದ ನೀರು ಇನ್ನೊಂದು ಪೈಪಿನಲ್ಲಿ ಗುಳುಕ್ ಗುಳುಕ್ ಎಂದು ಮೇಲೆ ಬರುತ್ತದೆ. ಹತ್ತು ಮೀಟರ್ ನೀರಿನೊಳಗೆ ಗಾಳಿ ತಳ್ಳಲು ಒಂದು ಬಾರ್ ಬೇಕು, ಅದರ ಸಾಮರ್ಥ್ಯದ ಲೆಕ್ಕ ಅಲ್ಲಿಂದ ಶುರು. ಆದರೆ ಅದು ತ್ರೀ ಫೇಸಿನ ಪ್ರಾಣಿ. ಪಂಪ್‌ಸೆಟ್ಟಿನ ಫೀಡರಿಗೆ ದಿನಕ್ಕೆ ಏಳು ತಾಸು ತ್ರೀ ಫೇಸ್ ಅನ್ನುವುದು ಸರಕಾರದ ಮಾತು, ಆ ಏಳು ತಾಸು ಯಾವ ಹೊತ್ತಿಗೆ ಅನ್ನುವುದು ಲೈನ್‌ಮನ್ನನ ಮಾತು. ಮನೆಗೆ ಬರುವುದು ಬೇರೆ ಲೈನು, ಸಿಂಗಲ್ ಫೇಸು. ಹೊಲದ ಮೆಷಿನ್ ಮನೆಗೆ ತಂದರೆ ಅದು ಗ್ವಾದಲಿಯಲ್ಲಿ ಮೆಲುಕು ಹಾಕುತ್ತಾ ಕೂರಬೇಕಷ್ಟೆ. ಅತ್ತ ಬೋರೂ ಒಣಗಿತು, ಇತ್ತ ಟೈರೂ ಒಣಗಿತು.

ಮುದ್ದೇಬಿಹಾಳದ ಕಾಕಾನ ದಾರಿಯೇ ಬೇರೆ. ಆತ ಹೊಸದನ್ನು ಕೊಳ್ಳುವುದು ಪಾಪ ಅಂತ ತಿಳಿದವ. ಕೆಟ್ಟ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ, ಗುಜರಿಯಿಂದ ತಂದ ಒಂದು ಸಿಲಿಂಡರಿಗೆ ಪೈಪು ಹಚ್ಚಿ, ‘ಮೆಷಿನ್ ತಯಾರ್’ ಅಂತ ಫೋಟೋ ಕಳಿಸಿದ. ಫ್ರಿಜ್ ಕಂಪ್ರೆಸರ್ ಸದ್ದಿಲ್ಲದೆ ಓಡುತ್ತದೆ, ಪ್ರೆಶರೂ ಏರಿಸುತ್ತದೆ, ಸುಳ್ಳಲ್ಲ. ಕೊಡುವ ಗಾಳಿಯ ಪ್ರಮಾಣ ಮಾತ್ರ ಒಂದು ಸಿಎಫ್‌ಎಂ ಮುಟ್ಟಲೂ ಒದ್ದಾಡುತ್ತದೆ. ಕಾರಿನ ಒಂದು ಗಾಲಿಗೆ ಹವಾ ತುಂಬುವಷ್ಟರಲ್ಲಿ ತಾಳಿಕೋಟೆಗೆ ಬಸ್ಸಿನಲ್ಲಿ ಹೋಗಿ ಬರಬಹುದು. ಅದಾದರೂ ಚೇಷ್ಟೆ ಎಂದು ಬಿಡಬಹುದಿತ್ತು, ಸಿಲಿಂಡರಿಗೆ ತಾನೇ ವೆಲ್ಡಿಂಗ್ ಮಾಡಿದ್ದೇನೆ ಅಂದಾಗ ಮಾತ್ರ ನನಗೆ ಬೆವರು ಬಂತು. ಪ್ರೆಶರ್ ಹಿಡಿಯುವ ಪಾತ್ರೆಗೆ ಮನೆಯ ವೆಲ್ಡಿಂಗ್ ಕೂಡದು, ಒಳಗೆ ತುಕ್ಕು ಹಿಡಿದ ಹಳೇ ಟ್ಯಾಂಕು ಬಣ್ಣ ಬಳಿದು ಹೊಸದಾಗಿ ಕಂಡರೂ ಕೂಡದು. ತುಕ್ಕು ಹಿಡಿಯುವುದು ಒಳಗಿನಿಂದ, ಅದೂ ತಳದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ. ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು ನೋಡಬೇಕು, ಭುಸ್ ಎಂದು ಬಿಟ್ಟುಕೊಂಡರೆ ಅದು ಜೀವಂತವಿದೆ. ಕಾಕಾ ಅಲ್ಲಿಗೆ ಸೇಫ್ಟಿ ವಾಲ್ವೇ ಹಾಕಿರಲಿಲ್ಲ, ‘ಗಾಳಿ ಪುಕ್ಕಟೆ ಹೋಗ್ತದಲ್ಲ’ ಎಂದು.

ತಮಾಷೆ ಒಂದು ಕಡೆ ಇರಲಿ. ಹವಾ ಪೈಪನ್ನು ಯಾರ ಮೈಗೂ ಹಿಡಿಯಬಾರದು, ಹುಡುಗರ ಕೈಗಂತೂ ಕೊಡಲೇಬಾರದು. 2024ರಲ್ಲಿ ಬೆಂಗಳೂರಿನ ಒಂದು ಸರ್ವಿಸ್ ಸೆಂಟರಿನಲ್ಲಿ ಗೆಳೆಯನೊಬ್ಬ ಚೇಷ್ಟೆಗೆ ಹವಾ ಪೈಪು ಹಿಡಿದದ್ದಕ್ಕೆ ಹರೆಯದ ಹುಡುಗನೊಬ್ಬ ಜೀವ ಕಳೆದುಕೊಂಡ. ಬಟ್ಟೆಯ ಮೇಲಿನ ಧೂಳು ಹೊಡೆಯುವುದೂ ಅದೇ ಪೈಪಿನಲ್ಲಿ ನಮ್ಮವರ ರೂಢಿ. ಬಿಡಿ ಅದನ್ನು.

ಇನ್ನು ಸದ್ದಿನ ವಿಚಾರ. ಇಂಡಿಯ ಬೀಗರು ಆನ್‌ಲೈನಿನಲ್ಲಿ ತರಿಸಿದ್ದು ಆಯಿಲ್ ಫ್ರೀ ಮೆಷಿನ್. ಮೋಟಾರಿಗೇ ನೇರವಾಗಿ ಪಿಸ್ಟನ್, ಬೆಲ್ಟಿಲ್ಲ, ಎಣ್ಣೆಯಿಲ್ಲ, ಎತ್ತಿಕೊಂಡು ಓಡಾಡಬಹುದು. ಕೇಳಲಿಕ್ಕೆ ಇಂಪಾಗಿದೆ, ಓಡಿಸಿದರೆ ಇಲ್ಲ. ಅಗ್ಗದ ಆಯಿಲ್ ಫ್ರೀ ಮೆಷಿನ್ ನಿಮಿಷಕ್ಕೆ ಎರಡು ಸಾವಿರದ ಎಂಟುನೂರು ಸುತ್ತಿನ ಆಸುಪಾಸು ತಿರುಗುತ್ತದೆ, ಬೆಲ್ಟಿನ ಮೆಷಿನ್ ಸಾವಿರದ ಒಳಗೇ. ಮೇಲೆ ಪತ್ರಾದ ಚಾವಣಿ ಬೇರೆ. ವಿಜಯಪುರದ ಮಲಿಕ್-ಎ-ಮೈದಾನ್ ತೋಪಿಗೆ ಬತ್ತಿ ಇಟ್ಟವನು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗಿ ಕಿವಿ ಉಳಿಸಿಕೊಳ್ಳುತ್ತಿದ್ದ ಅಂತ ಗೈಡುಗಳು ಕತೆ ಹೇಳುತ್ತಾರಲ್ಲ, ಬೀಗರ ಮನೆಯಲ್ಲೂ ಹವಾ ಹಾಕುವಾಗ ಅವರ ತಾಯಿ ನೇರವಾಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಈಗ ಕಡಿಮೆ ಸದ್ದಿನ, ನಿಧಾನ ತಿರುಗುವ ಆಯಿಲ್ ಫ್ರೀ ಮೆಷಿನ್‌ಗಳೂ ಬಂದಿವೆ. ನಮ್ಮ ಧೂಳಿಗೆ, ನಮ್ಮ ಏಪ್ರಿಲ್ಲಿನ ನಲವತ್ತೆರಡು ಡಿಗ್ರಿಗೆ, ಎರಕದ ಕಬ್ಬಿಣದ ಎರಡು ಸಿಲಿಂಡರಿನ ಬೆಲ್ಟ್ ಮೆಷಿನ್ನೇ ತಾಳುತ್ತದೆ ಅನ್ನುವವ ನಾನು. ರಿಪೇರಿಯೂ ಸುಲಭ. ವಾಲ್ವು, ರಿಂಗು, ಬೆಲ್ಟು ವಿಜಯಪುರದಲ್ಲೇ ಸಿಗುತ್ತವೆ.

ಬೆಲ್ಟ್ ಮೆಷಿನ್‌ಗೆ ಎಣ್ಣೆ ಬೇಕು. ಇಲ್ಲಿ ನಮ್ಮವರ ಉದಾರತನ ಉಕ್ಕುತ್ತದೆ. ಟ್ರ್ಯಾಕ್ಟರಿಗೆ ತಂದ ಇಂಜಿನ್ ಆಯಿಲ್ ಡಬ್ಬಿಯಲ್ಲಿ ಅರ್ಧ ಉಳಿದಿದೆ, ಅದನ್ನೇ ಸುರಿದರಾಯಿತು. ಇಂಜಿನ್ ಆಯಿಲ್ಲಿನಲ್ಲಿ ಮಸಿ ತೊಳೆಯುವ ಔಷಧಿ ಬೆರೆಸಿರುತ್ತಾರೆ. ಕಂಪ್ರೆಸರಿನ ಬಿಸಿ ವಾಲ್ವಿನ ಮೇಲೆ ಅದೇ ಕರಿ ಕಟ್ಟಿ ಕೂರುತ್ತದೆ. ಕಂಪ್ರೆಸರ್ ಎಣ್ಣೆ ಅಂತಲೇ ಬೇರೆ ಸಿಗುತ್ತದೆ, ಸಾಮಾನ್ಯವಾಗಿ ವಿಜಿ 100. ಡಬ್ಬಿ ಸಣ್ಣದು, ವರ್ಷಕ್ಕೆ ಒಂದು ಸಾಕು, ಅದಕ್ಕೇ ಜಿಪುಣತನ. ಇದರ ಜೊತೆಗೆ ಗಾಳಿ ಎಳೆಯುವ ಫಿಲ್ಟರ್ ಬಿಚ್ಚಿ ಧೂಳು ಕೊಡವುವುದು. ಗ್ರೈಂಡರಿನ ಕಿಡಿ, ಹೊಟ್ಟು, ಎರೆ ಮಣ್ಣು ಎಲ್ಲ ಅಲ್ಲೇ ಬಂದು ಸೇರುತ್ತವೆ. ಟ್ರ್ಯಾಕ್ಟರಿನ ಕಾಗದದ ಏರ್ ಫಿಲ್ಟರಿಗೆ ಹವಾ ಹೊಡೆಯುವಾಗ ಮಾತ್ರ ಪೂರಾ ಪ್ರೆಶರ್ ಬೇಡ. ಎರಡು ಬಾರ್ ಒಳಗೆ ಇಳಿಸಿ, ಒಳಗಿನಿಂದ ಹೊರಕ್ಕೆ ಹೊಡೆಯಬೇಕು. ಎಂಟು ಬಾರ್ ಹೊಡೆದರೆ ಧೂಳಿನ ಜೊತೆ ಕಾಗದವೂ ಹರಿದು, ಮುಂದೆ ಧೂಳು ನೇರ ಇಂಜಿನ್ನಿಗೇ ಹೋಗುತ್ತದೆ.

ಟ್ಯಾಂಕಿನ ತಳದ ನಳದ ಮಾತು ಬಂದಾಗ ಮುದ್ದೇಬಿಹಾಳದ ಕಾಕಾ ನನ್ನನ್ನು ನಂಬಲೇ ಇಲ್ಲ. ಗಾಳಿಯಲ್ಲಿ ನೀರು ಎಲ್ಲಿಂದ ಬರಬೇಕು? ಶ್ರಾವಣದ ಸೆಕೆಯಲ್ಲಿ ಎರಡು ಎಚ್‌ಪಿ ಮೆಷಿನ್ ಒಂದು ತಾಸು ಓಡಿದರೆ ಒಳಗೆ ಹೋಗುವ ಗಾಳಿ ಹತ್ತು ಘನ ಮೀಟರ್ ಸಮೀಪ. ಅದರಲ್ಲಿ ತೇವವಾಗಿ ಬೆರೆತಿರುವ ನೀರು ಗಾಳಿ ಒತ್ತಿ ಆರಿದ ಮೇಲೆ ತಳಕ್ಕೆ ಇಳಿಯುತ್ತದೆ, ಹೆಚ್ಚೂಕಡಿಮೆ ಒಂದು ಲೋಟ. ಬೇಸಿಗೆಯ ಒಣ ಹವೆಯಲ್ಲಿ ಇಷ್ಟು ಬರುವುದಿಲ್ಲ. ಆ ಲೋಟದ ನೀರೇ ಟ್ಯಾಂಕು ಕೊರೆಯುವುದು, ಬಣ್ಣದಲ್ಲಿ ಗುಳ್ಳೆ ಎಬ್ಬಿಸುವುದು. ದಿನದ ಕೆಲಸ ಮುಗಿದಾಗ ನಳ ತಿರುಗಿಸಿ ಅದನ್ನು ಬಿಡಬೇಕು. ಮಳೆಗಾಲ ಬಂದಾಗ ನನ್ನ ಮಾತನ್ನು ಪರೀಕ್ಷೆ ಮಾಡಿದ ಕಾಕಾ ಫೋನ್ ಮಾಡಿ ಅಂದದ್ದು: “ಎಂಟುನೂರು ಅಡಿ ಬೋರು ಹೊಡಸೇನಿ, ಹನಿ ಬರ್ಲಿಲ್ಲ. ಇದರಾಗ ಬಂತಲ್ಲೋ! ನೀರಾವರಿ ಮಾಡಬಹುದೇನು?”

ಯಾವುದಕ್ಕೆ ಎಷ್ಟು ಗಾಳಿ ಅನ್ನುವುದರಲ್ಲಿ ಕಣ್ಣು ಎಂಥ ಮೋಸ ಮಾಡುತ್ತದೆ ನೋಡಿ. ಟ್ರ್ಯಾಕ್ಟರಿನ ಹಿಂದಿನ ಗಾಲಿ ಆಳೆತ್ತರ. ಅದಕ್ಕೆ ಹವಾ ತುಂಬಲು ರಾಕ್ಷಸ ಮೆಷಿನ್ ಬೇಕು ಅಂತ ಮಾವನ ವಾದ. ಒಳಗೆ ಇನ್ನೂರು ಲೀಟರು ಜಾಗವಿದೆ ಅಂತಲೇ ಇಟ್ಟುಕೊಳ್ಳಿ. ಹೊಲದ ಕೆಲಸಕ್ಕೆ ಅದರ ಪ್ರೆಶರ್ ಹದಿನೈದು ಪಿಎಸ್‌ಐ ಅಂದಾಜು, ಅಂದರೆ ಒಂದು ಬಾರ್. ಬೇಕಾದ ಗಾಳಿ ಇನ್ನೂರು ಲೀಟರು ಮಾತ್ರ. ಅದೇ ಕಬ್ಬು ಹೇರುವ ಟ್ರಾಲಿಯ ಗಾಲಿ ನೋಡಲಿಕ್ಕೆ ಗಿಡ್ಡ, ಎಂಬತ್ತು ಲೀಟರು ಹಿಡಿಯುತ್ತದೆ ಅನ್ನಿ. ಅದಕ್ಕೆ ಅರವತ್ತು ಪಿಎಸ್‌ಐ ಹಾಕಬೇಕಾದರೆ ಮುನ್ನೂರು ಲೀಟರು ದಾಟುತ್ತದೆ. ಸಣ್ಣ ಗಾಲಿಗೇ ಗಾಳಿ ಜಾಸ್ತಿ. ಮಾವ ಇದನ್ನು ಕೇಳಿ, ‘ಗಿಡ್ಡ ಮಂದಿ ಹಂಗ ಇರ್ತಾರ ಬಿಡು’ ಎಂದ. ಆತ ಆರಡಿ.

ಹೀಗೆ ಎಲ್ಲ ಕೂಡಿಸಿ ಕಳೆದರೆ ನಾನು ಹೇಳುವುದು ಇಷ್ಟು. ಬರೇ ಬೈಕು, ಕಾರಿನ ಗಾಲಿಯಾದರೆ ಕಾರಿನ ಬ್ಯಾಟರಿಗೆ ಹಚ್ಚುವ ಅಂಗೈಯಗಲದ ಹವಾ ಡಬ್ಬಿ ಸಾಕು, ಈ ಹರಟೆ ಓದುವುದೂ ದಂಡ. ಟ್ರ್ಯಾಕ್ಟರು, ಟ್ರಾಲಿ, ಧೂಳು ಹೊಡೆಯುವುದು ಇದ್ದರೆ ಒಂದು ಎಚ್‌ಪಿ, ಐವತ್ತು ಲೀಟರಿನ ಟ್ಯಾಂಕು ನಡೆಸುತ್ತದೆ. ಆಗಾಗ ಬಣ್ಣ ಹೊಡೆಯುವುದು, ಹವಾದ ಪಾನಾ ಹಿಡಿದು ನಟ್ಟು ಬಿಚ್ಚುವುದು ಇದ್ದರೆ ಎರಡು ಎಚ್‌ಪಿ, ನೂರು ಲೀಟರು, ಬೆಲ್ಟು. ಅದನ್ನೂ ಬಿಡುವಿಲ್ಲದೆ ಓಡಿಸಬಾರದು, ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷವಾದರೂ ಉಸಿರು ತಗೊಳ್ಳಲು ಬಿಡಬೇಕು. ಜೀವಮಾನದಲ್ಲಿ ಎರಡು ಸಲ ಟ್ರ್ಯಾಕ್ಟರಿಗೆ ಬಣ್ಣ ಹೊಡೆಯುವ ಆಸೆಗಾಗಿ ದೊಡ್ಡ ಮೆಷಿನ್ ತರುವವನು ಬಣ್ಣದ ಮಿಸ್ತ್ರಿಯನ್ನೇ ಕರೆಸಿ, ಊಟ ಹಾಕಿ, ಶಾಲು ಹೊದಿಸಿ ಕಳಿಸಿದರೂ ಹಣ ಉಳಿಯುತ್ತದೆ. ಐದು ಎಚ್‌ಪಿ ಬೇಕು ಅಂದರೆ ತ್ರೀ ಫೇಸ್ ಮೀಟರು ಹಾಕಿಸಿ ಅಂಗಡಿಯನ್ನೇ ತೆರೆಯಬೇಕು, ಗ್ವಾದಲಿಯಲ್ಲಿ ಇಡುವ ಮಾತಲ್ಲ.

ಮಾವ ಕಡೆಗೆ ಎರಡು ಎಚ್‌ಪಿಗೆ ಇಳಿದ. ಇಳಿದದ್ದು ನನ್ನ ಲೆಕ್ಕ ಕೇಳಿ ಅಲ್ಲ. ಎದುರು ಮನೆಯವನ ಮೂರು ಎಚ್‌ಪಿ ಸಂಜೆ ಹೊತ್ತು ಏಳದೇ ಗುಂಯ್ ಅನ್ನುವುದು ಪಡಸಾಲೆಗೆ ಕೇಳಿಸತೊಡಗಿತ್ತು.

ಮೆಷಿನ್ ಬಂದ ಮೇಲಿನ ಖರ್ಚಿನ ಲೆಕ್ಕವನ್ನು ಮಾತ್ರ ಅತ್ತೆ ಮಾಡಿದಳು. ಒಂದು ಟ್ರಾಲಿ ಗಾಲಿಗೆ ಹವಾ ತುಂಬಲು ಎರಡು ಎಚ್‌ಪಿ ಮೆಷಿನ್ ಎರಡು ಮೂರು ನಿಮಿಷ ಓಡುತ್ತದೆ. ಕರೆಂಟು ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲೂ ಆಗುವುದಿಲ್ಲ, ರೊಕ್ಕದಲ್ಲಿ ಐವತ್ತು ಪೈಸೆಯ ಆಚೀಚೆ. ಆದರೆ ಹವಾ ಹಾಕಿಸಿಕೊಳ್ಳಲು ಬಂದವನು ತಲಬಾಗಿಲ ಒಳಗೆ ಕಾಲಿಟ್ಟ ಮೇಲೆ ಚಹಾ ಕೊಡದೆ ಕಳಿಸುವ ರೂಢಿ ಸಿಂದಗಿಯಲ್ಲಿಲ್ಲ. ಐವತ್ತು ಪೈಸೆಯ ಹವಾಕ್ಕೆ ಹತ್ತು ರೂಪಾಯಿಯ ಚಹಾ. ಜೊತೆಗೆ ಬಂದ ಇಬ್ಬರು ಗೆಳೆಯರ ಗಾಲಿ ಸರಿಯಿದ್ದರೂ ಅವರಿಗೂ ಚಹಾ. ಹಾಲಿನ ಲೆಕ್ಕ ಹವಾದ ಲೆಕ್ಕ ದಾಟಿದ ವಾರ ಅತ್ತೆ ತಲಬಾಗಿಲಿಗೆ ಬಂದು ಸಾರಿದಳು: “ಹವಾ ಎಷ್ಟರೆ ಹಾಕಿಸ್ಕೊಳ್ರಿ, ಒಳಗ ಬರಬ್ಯಾಡ್ರಿ.”

ಮಾವ ಸಿಂದಗಿ ಪೇಟೆಗೆ ಹೋಗಿ ಇಪ್ಪತ್ತು ಮೀಟರ್ ಹವಾ ಪೈಪು ತಂದ. ಅದೀಗ ತಲಬಾಗಿಲು ದಾಟಿ, ಓಣಿ ದಾಟಿ, ಎದುರಿನ ಚಹಾದ ಅಂಗಡಿಯವರೆಗೆ ಮುಟ್ಟುತ್ತದೆ. ಅಂಗಡಿಯವನ ವ್ಯಾಪಾರ ಏರಿದೆ, ಮಾವನಿಗೆ ದಿನಕ್ಕೆರಡು ಚಹಾ ಪುಕ್ಕಟೆ.